ಮೂವತ್ತೊಂದು ಕಪ್ಪೆಗಳ ಆಸ್ಪತ್ರೆ

"ಅಲ್ಲೇ ನಿಲ್ಲಿ! ನೀರಿಗೆ ಕಾಲಿಡಬೇಡಿ!"

ಮುಂಜಾವಿನ ಮಂಜು ಇನ್ನೂ ಕೊಳದ ಮೇಲೆ ಮಲಗಿತ್ತು. ಅದರೊಳಗಿಂದ ಅವನು ತಿರುಗಿ ನೋಡಿದ. ಕೈಯಲ್ಲೊಂದು ಬಲೆ. ಬಲೆಯಲ್ಲಿ ಅಂಗೈಗಿಂತ ದೊಡ್ಡದಾದ ಹಸಿರು ಕಪ್ಪೆ... ಈ ನೆಲದ್ದಲ್ಲ!

ಅವಳು ಕಪ್ಪೆಗಳ ಡಾಕ್ಟರ್. ಹಾಗೆಂದರೆ ಹೆತ್ತಮ್ಮನೇ ನಗುತ್ತಿದ್ದಳು. ಆದರೆ ಎರಡು ತಿಂಗಳಿಂದ ಈ ಕೊಳದ ಪುಟ್ಟ ಕಂದು ಕಪ್ಪೆಗಳು ಚರ್ಮಕ್ಕೆ ಬೂಷ್ಟು ಹತ್ತಿ ಸಾಯುತ್ತಿದ್ದವು. ಹೊರದೇಶದ ಈ ದೊಡ್ಡಕಪ್ಪೆಗಳು ಆ ಬೂಷ್ಟನ್ನು ಹೊತ್ತು ತರುತ್ತವೆ, ತಾವು ಮಾತ್ರ ಸಾಯುವುದಿಲ್ಲ.

"ನೀವು ಬಣ್ಣದ ಮೀನಿನ ಅಂಗಡಿಯವರಲ್ವಾ?"

"ಹೌದು ಮೇಡಂ, ನಾನು ಇದನ್ನ..."

"ಬಿಡೋಕೆ ಬಂದ್ರಿ! ಮಾರಾಟ ಆಗದ್ದನ್ನ ಕೊಳಕ್ಕೆ ಸುರಿದು ಕೈ ತೊಳ್ಕೊಳ್ಳೋದು!"

ಅವನು ಬಲೆಯ ಕಪ್ಪೆಯನ್ನು ಅವಳು ಚಾಚಿದ ಡಬ್ಬಿಗೆ ಹಾಕಿದ. ಕಣ್ಣಲ್ಲಿ ಕೋಪ ಇರಲಿಲ್ಲ. ಅದೇ ಅವಳನ್ನು ದಿನವಿಡೀ ಕಾಡಿತು. ಆದರೂ ಇಲಾಖೆಗೆ ವರದಿ ಬರೆದು, ಕಪ್ಪೆಯ ಜೊತೆ ನಿಯಮದಂತೆ ತನ್ನ ಬೂಟಿನ ಕೆಸರನ್ನೂ ಲ್ಯಾಬಿಗೆ ಕಳಿಸಿದಳು. ಅವನ ಅಂಗಡಿಗೆ ಬೀಗ ಬಿತ್ತು.

ಹತ್ತು ದಿನಕ್ಕೆ ಲ್ಯಾಬಿನ ಫಲಿತಾಂಶ ಬಂತು. ಓದಿದವಳು ಮೂಲೆಯಲ್ಲಿದ್ದ ತನ್ನ ಬೂಟಿನತ್ತ ನೋಡಿದಳು.

'ಅಯ್ಯೋ... ನಾನೇನು ಮಾಡಿಬಿಟ್ಟೆ!'

ನೇರ ಅವನ ಮನೆಗೆ ಹೋದಳು.

"ನಿಮ್ಮ ಬಲೆಯ ಕಪ್ಪೆಗೆ ರೋಗ ಇರಲಿಲ್ಲ. ಬೂಷ್ಟು ಇದ್ದದ್ದು... ನನ್ನ ಬೂಟಿನಲ್ಲಿ. ಕಾಯಿಲೆ ಶುರುವಾಗೋ ಮುಂಚೆ ಬೇರೆ ಹಳ್ಳದಲ್ಲಿ ಕೆಲಸ ಮಾಡಿ, ಅವಸರದಲ್ಲಿ ಔಷಧಿ ನೀರಲ್ಲಿ ತೊಳೀದೆ ಇಲ್ಲಿಗೆ ಬಂದಿದ್ದೆ." ಚೀಲದಿಂದ ಒಂದು ಕಾಗದ ತೆಗೆದು ಅವನ ಮುಂದಿಟ್ಟಳು. "ತಪ್ಪು ನನ್ನದೇ ಅಂತ ಮೇಲಿನವರಿಗೆ ಬರೆದು ಕೊಟ್ಟಿದ್ದೀನಿ. ನಿಮ್ಮ ಅಂಗಡಿ ನಾಳೆ ತೆಗೀಬಹುದು."

"ನಿಮ್ಮ ಕೆಲಸ ಹೋದ್ರೆ?"

"ಹೋಗ್ಲಿ."

ಅವನು ಮೆಲ್ಲಗೆ ಹೇಳಿದ, "ನಾನೇನು ಸಾಚಾ ಅಲ್ಲ. ಕಪ್ಪೆ ಕೊಂಡೋರು ಸಾಕೋಕಾಗದೆ ಕೊಳಕ್ಕೆ ಬಿಟ್ರು. ಮಾರಿದ್ದು ನಾನೇ ತಾನೆ? ಅದಕ್ಕೇ ದಿನಾ ಬೆಳಗ್ಗೆ ಹಿಡೀತಿದ್ದೆ."

ಅವನು ಎದ್ದು ಬಲೆ ಕೈಗೆತ್ತಿಕೊಂಡ.

"ಕಂದು ಕಪ್ಪೆ ಇನ್ನೆಷ್ಟು ಉಳಿದಿವೆ?"

"ಮೂವತ್ತೊಂದು."

"ನನ್ನ ಹತ್ರ ಖಾಲಿ ಗಾಜಿನ ತೊಟ್ಟಿ ನಲವತ್ತಿವೆ. ನಡೀರಿ!"

ಕಂದು ಕಪ್ಪೆಗಳನ್ನು ತೊಟ್ಟಿಗಳಿಗೆ ಸಾಗಿಸಿ, ಬೂಷ್ಟು ಸಾಯಲೆಂದು ಕೊಳವನ್ನು ಬತ್ತಿಸಿ ಬಿಸಿಲಿಗೆ ಬಿಟ್ಟರು. ಅಂಗಡಿಯೇ ಆಸ್ಪತ್ರೆಯಾಯಿತು. ಅವಳ ಕೆಲಸ ಹೋಗಲಿಲ್ಲ, ಆದರೆ ಬರಬೇಕಿದ್ದ ಬಡ್ತಿ ತಪ್ಪಿತು. ಅದು ನೆನಪಾಗುವಷ್ಟು ಪುರುಸೊತ್ತೂ ಇರಲಿಲ್ಲ! ದಿನಾ ಸಂಜೆ ಒಂದೊಂದೇ ಕಪ್ಪೆಗೆ ಔಷಧಿ ನೀರಿನ ಸ್ನಾನ. ಗಾಜಿನಿಂದ ಹೊಮ್ಮುವ ತಿಳಿಹಸಿರು ಬೆಳಕಿನಲ್ಲಿ ಅವನ ಮುಖ ನೀರೊಳಗಿನ ಕನಸಿನಂತೆ ತೇಲುತ್ತಿತ್ತು. ಎರಡು ಕಪ್ಪೆಗಳು ಉಳಿಯಲಿಲ್ಲ. ಅಂದು ಅವಳು ಬಿಕ್ಕಿ ಅತ್ತಾಗ ಅವನು ಪಕ್ಕದಲ್ಲಿ ಕೂತು ಉಳಿದ ಕಪ್ಪೆಗಳ ಸ್ನಾನ ಮುಗಿಸಿದ.

ಆರನೇ ವಾರ, ಒಂದು ಸಂಜೆ...

ಟ್ರಿರ್‍ರ್... ಟ್ರಿರ್‍ರ್...

"ಕೇಳಿಸ್ತಾ?" ಅವಳು ಉಸಿರು ಬಿಗಿಹಿಡಿದಳು. "ಕೂಗ್ತಿದೆ! ಜೊತೆಗಾತಿಯನ್ನ ಕರೀತಿದೆ!"

"ಎಷ್ಟು ಧೈರ್ಯ ನೋಡಿ ಅದಕ್ಕೆ... ನನಗೇ ಇಲ್ಲ."

ಅವಳ ಕೆನ್ನೆ ಬಿಸಿಯಾಯಿತು.

"ಡಾಕ್ಟ್ರೇ, ಇವೆಲ್ಲ ಗುಣವಾದ್ಮೇಲೆ ನೀವು ಬರೋದು ನಿಲ್ಲಿಸ್ತೀರಲ್ವಾ? ಒಂದನ್ನಾದ್ರೂ ಸ್ವಲ್ಪ ನಿಧಾನಕ್ಕೆ ಗುಣ ಮಾಡಬಾರ್ದಾ?"

"ಛೀ, ಪಾಪ!" ನಕ್ಕಳು. ನಗುವಿನ ನಡುವೆಯೇ ಕಣ್ಣು ತುಂಬಿತು. "ಕಪ್ಪೆಗಳ ನೆಪ ಇಲ್ದೆ ಬಂದ್ರೆ... ಬೇಡ್ವಾ?"

ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಅವನು ಅವಳ ಕೈ ಹಿಡಿದ.

"ಬನ್ನಿ..." ಎಂದ. ಆಮೇಲೆ ತಲೆಯಾಡಿಸಿ, ಇನ್ನೂ ಮೆಲ್ಲಗೆ, "ಬಾ."