ಎಂಟು ಮೈಕ್ರಾನ್

2025ರ ಮಾರ್ಚ್ 11, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮೋಹನ್‌ಬಾಬು ಗೌರಿಬಿದನೂರು ಠಾಣೆಗೆ ಬಂದು ದೂರು ಕೊಟ್ಟರು. ಅಣು ವಿದ್ಯುತ್ ಸ್ಥಾವರಗಳ ಇಂಧನ ಕೊಳವೆಯ ತುದಿ ಮುಚ್ಚುವ ಜಿರ್ಕೋನಿಯಂ ಬಿರಡೆಗಳು ಅವರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು.

"ಆರು ಸಾವಿರ ಬಿರಡೆ ವಾಪಸ್ ಬಂದಿವೆ ಮೇಡಂ. ಸರಬರಾಜುದಾರರ ಪಟ್ಟಿಯಿಂದ ನಮ್ಮ ಹೆಸರೇ ತೆಗೆದುಹಾಕಿದಾರೆ. ಯಾರೋ ಬೇಕಂತ್ಲೇ ಮಾಡಿರೋದು."

"ಏನಾಗಿದೆ ಅವಕ್ಕೆ?" ಇನ್ಸ್‌ಪೆಕ್ಟರ್ ಸೌಜನ್ಯ ಕೇಳಿದರು.

"ಸಣ್ಣ ಆಗಿವೆ. ಕೊನೇವು ಎಂಟು ಮೈಕ್ರಾನ್ ಕಮ್ಮಿ. ಕೂದಲನ್ನ ಹತ್ತು ಸೀಳು ಮಾಡಿದ್ರೆ ಒಂದು ಸೀಳು."

ಎಫ್‌ಐಆರ್ ದಾಖಲಾಯಿತು. ಹನ್ನೆರಡೂ ಕಾಲಿಗೆ ಸೌಜನ್ಯ ಮತ್ತು ಹೆಡ್ ಕಾನ್‌ಸ್ಟೇಬಲ್ ಚೆನ್ನರಾಯಪ್ಪ ಕಾರ್ಖಾನೆಯ ಅಳತೆ ಕೋಣೆಯಲ್ಲಿದ್ದರು. ಅಲ್ಲಿ 'ಮಾಸ್ಟರ್' ಎಂದು ಕರೆಯುವ ಒಂದು ಉಕ್ಕಿನ ತುಂಡಿತ್ತು. ಪ್ರತಿ ಬೆಳಿಗ್ಗೆ ಅಳತೆ ಯಂತ್ರವನ್ನು ಅದಕ್ಕೆ ಹೊಂದಿಸಿದ ಮೇಲೆಯೇ ಬಿರಡೆಗಳನ್ನು ಅಳೆಯುತ್ತಿದ್ದರು. ಮಾಸ್ಟರೇ ಸವೆದರೆ ತಪ್ಪು ಬಿರಡೆಯೂ ಸರಿ ಎಂದೇ ಕಾಣುತ್ತದೆ. ಪಂಚನಾಮೆ ಬರೆದು, ಮಾಸ್ಟರನ್ನು ಮೊಹರು ಮಾಡಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು.

17ರಂದು ವರದಿ ಬಂತು. ವಜ್ರದ ಪುಡಿಯ ಪೇಸ್ಟಿನಿಂದ ಉಜ್ಜಿ ಮಾಸ್ಟರನ್ನು ಎಂಟು ಮೈಕ್ರಾನ್ ಸವೆಸಲಾಗಿತ್ತು.

ಜನವರಿಯಲ್ಲಿ ಕೆಲಸದಿಂದ ತೆಗೆದುಹಾಕಿದ್ದ ಅಚ್ಯುತ್‌ನ ಮೇಲೆ ಮೋಹನ್‌ಬಾಬುಗೆ ಗುಮಾನಿ. ವಿಚಾರಿಸಿದರೆ ಅವನು ಆಗಿನಿಂದ ಚಿಂತಾಮಣಿಯಲ್ಲೇ ದುಡಿಯುತ್ತಿದ್ದ; ಗೇಟಿನೊಳಗೆ ಕಾಲಿಟ್ಟಿರಲಿಲ್ಲ.

ವಾಪಸ್ ಬಂದ ಬಿರಡೆಗಳ ಅಳತೆಯನ್ನು ಚೆನ್ನರಾಯಪ್ಪ ದಿನಾಂಕವಾರು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿದರು. ಫೆಬ್ರವರಿ 3ರಿಂದ 24ರವರೆಗೆ ಗೆರೆ ಕೆಲಸದ ದಿನಕ್ಕೆ ಅರ್ಧ ಮೈಕ್ರಾನಿನಂತೆ ಇಳಿದಿತ್ತು.

"ಒಂದೇ ಸಲ ಮಾಡಿಲ್ಲ ಮೇಡಂ. ದಿನಾ ಉಜ್ಜಿದಾರೆ. ಇಲ್ಲಿ ನೋಡಿ, 18, 19, 20. ಮೂರು ದಿನ ಗೆರೆ ಇಳಿದೇ ಇಲ್ಲ."

"ಆ ಮೂರು ದಿನ ಯಾರು ರಜೆ?"

ಹಾಜರಿ ಪುಸ್ತಕದಲ್ಲಿ ಸಿಕ್ಕಿದ್ದು ಒಂದೇ ಹೆಸರು, ಅಳತೆ ಕೋಣೆಯ ಸಹಾಯಕಿ ಪಂಕಜ. ರಜೆಯ ಕಾರಣ: ಗಂಡನ ತಿಥಿ.

ಸೌಜನ್ಯ ಹಳೆಯ ಕಡತ ತೆಗೆಸಿದರು. ಪಂಕಜಳ ಗಂಡ ಚಲಪತಿ ಅದೇ ಕಾರ್ಖಾನೆಯ ಲೇತ್ ಕೆಲಸಗಾರ. ಎರಡು ವರ್ಷದ ಹಿಂದೆ ಜಿರ್ಕೋನಿಯಂ ಚೂರುಗಳಿಗೆ ಬೆಂಕಿ ಹತ್ತಿ ಸತ್ತಿದ್ದ. ಅವನು ಬೀಡಿ ಸೇದುತ್ತಿದ್ದುದೇ ಕಾರಣ ಎಂಬ ಹೇಳಿಕೆಯ ಕೆಳಗೆ ಮೋಹನ್‌ಬಾಬು ಸಹಿ ಇತ್ತು.

ಮಾರ್ಚ್ 18ರ ಸಂಜೆ ನಾಲ್ಕಕ್ಕೆ ವಿದುರಾಶ್ವತ್ಥದ ಮನೆಯಲ್ಲಿ ಪಂಕಜಳನ್ನು ಬಂಧಿಸಿದರು. ಪೇಸ್ಟಿನ ಟ್ಯೂಬು ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇತ್ತು. ಅವಳು ಅದನ್ನು ಬಚ್ಚಿಟ್ಟಿರಲಿಲ್ಲ.

"ಯಾಕಮ್ಮ ಹಿಂಗೆ ಮಾಡ್ದೆ?"

"ನಮ್ಮೆಜಮಾನ್ರು ಬೀಡಿ ಮುಟ್ದೋರಲ್ಲ ಮೇಡಂ. ಆ ಚೂರುಗಳಿಗೆ ಬೆಂಕಿ ಬಿದ್ರೆ ಒಣ ಮರಳು ಹಾಕ್ಬೇಕು. ಮರಳಿನ ಡಬ್ಬ ಖಾಲಿ ಇತ್ತು. ನೀರು ಎರಚೋ ಅಂತ ಕೂಗಿದ್ದು ಮೋಹನ್‌ಬಾಬು ಸಾರೇ. ನೀರು ಬಿದ್ದಿದ್ದೇ ತಡ, ಸಿಡೀತು. ಆಮೇಲೆ ಬೀಡಿ ಅಂತ ಬರೆಸಿದ್ರು."

"ನಿಂಗೆ ಕೆಲಸ ಕೊಟ್ರಲ್ಲ?"

"ಬಾಯಿ ಮುಚ್ಕೊಂಡಿರ್ಲಿ ಅಂತ ಕೊಟ್ರು. ನಾನು ಅಳತೆ ಕಲಿಯಕ್ಕೇ ಹೋದೆ. ದಿನಾ ಉಜ್ಜೋವಾಗ ಸಾರ್ ಮುಖಾನೇ ನೆನೆಸ್ಕೊತಿದ್ದೆ. ಎಷ್ಟು ಹಿತವಾಗಿತ್ತು ಗೊತ್ತಾ?"

"ಆ ಬಿರಡೆ ಸ್ಥಾವರದೊಳಗೆ ಹೋಗಿದ್ರೆ?"

"ಅಲ್ಲಿ ಒಂದೊಂದನ್ನೂ ತಿರುಗಾ ಅಳೀತಾರೆ. ಒಂದೂ ದಾಟಲ್ಲ ಅಂತ ಗೊತ್ತಿದ್ದೇ ಮಾಡ್ದೆ. ನಂಗೆ ಬೇಕಿದ್ದಿದ್ದು ಸಾರ್ ಹೆಸರು ಕೆಡೋದು ಮಾತ್ರ."

ಆರು ಗಂಟೆಗೆ ಠಾಣೆಗೆ ಬಂದ ಮೋಹನ್‌ಬಾಬು ಅವಳನ್ನು ನೋಡಿ ಸಿಡುಕಿದರು. "ಅನ್ನ ಕೊಟ್ಟ ಕೈ ಕಚ್ಚಿದೆಯಲ್ಲೇ!"

ಪಂಕಜ ತಲೆ ತಗ್ಗಿಸಲಿಲ್ಲ. "ನಮ್ಮೋರಿಗೂ ಒಂದು ಹೆಸರಿತ್ತು ಸಾರ್."

ಸೌಜನ್ಯ ಹಳೆಯ ಕಡತವನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ಮೋಹನ್‌ಬಾಬು ಅವ್ರೇ, ಅವತ್ತು ನೀರು ಹಾಕಿ ಅಂದೋರು ಯಾರು?"

ಚೆನ್ನರಾಯಪ್ಪ ಮೋಹನ್‌ಬಾಬು ಹೇಳಿಕೆಗೆಂದು ಹೊಸ ಹಾಳೆ ತೆಗೆದು ದಿನಾಂಕ ಬರೆದರು.

ಪಂಕಜಳ ತಪ್ಪೊಪ್ಪಿಗೆ ಒಂದೂವರೆ ಪುಟವಾಯಿತು. ಓದಿ ಹೇಳಿದಾಗ ಅವಳು ಒಂದೇ ತಿದ್ದುಪಡಿ ಕೇಳಿದಳು. ಗಂಡ 'ಸತ್ತ' ಎಂದಿದ್ದಲ್ಲಿ 'ಸುಟ್ಟುಹೋದ' ಎಂದು ಬರೆಯಬೇಕು. ಹಾಗೆಯೇ ಬರೆದ ಮೇಲೆ ಸಹಿ ಹಾಕಿದಳು.