ಒದರುವ ಡಬ್ಬಿ, ಮೂಕ ಡಬ್ಬಿ

"ಅಕ್ಕೋರೆ, ಅಲ್ಲಾನ ಆಣಿ, ನಾ ಕಳ್ಳ ಅಲ್ಲರಿ!"

ಗುಲಾಮ ದಸ್ತಗೀರ ಹೊಸ್ತಿಲು ದಾಟುವ ಮೊದಲೇ ಹೀಗೆ ಕೂಗಿದಾಗ ಶಾರದಾಬಾಯಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ.

"ನಾ ಅಂದೇನೇನು ಕಳ್ಳ ಅಂತ? ಮೊದಲ ಕುಂದ್ರು. ನೀರು ಕುಡಿ."

ಅದು ೧೯೯೯ರ ಮೇ ತಿಂಗಳು. ವಾಡಿ ಊರಿನ ಬಿಸಿಲಿಗೆ ಕಾಗೆಯೂ ಬಾಯಿ ತೆರೆದು ಕೂರುವ ಕಾಲ. ದಸ್ತಗೀರನಿಗೆ ಸ್ಟೇಷನ್ ರಸ್ತೆಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಇತ್ತು. ಶಾರದಾಬಾಯಿ ನಿವೃತ್ತ ವಿಜ್ಞಾನ ಶಿಕ್ಷಕಿ; ಹೈಸ್ಕೂಲಿನಲ್ಲಿ ಇದೇ ದಸ್ತಗೀರನನ್ನು ಎರಡು ಸಲ ನಪಾಸು ಮಾಡಿದವರು. ಊರಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ಅವರ ಮನೆಗೆ ಬರುತ್ತಿದ್ದರು. ಪ್ರತಿ ಪತ್ತೆ ಕೆಲಸದಲ್ಲೂ ಅವರ ಕೈಚೀಲ ಹಿಡಿದು ಹಿಂದೆ ಹೋಗಿ, ಎಲ್ಲವನ್ನೂ ಕಣ್ಣಾರೆ ಕಂಡು, ಏನೂ ತಿಳಿಯದೆ ಮರಳಿ ಬರುವುದು ದಸ್ತಗೀರನ ಪಾಲಿನ ಕೆಲಸ. ಈ ಸಲ ಮಾತ್ರ ಕಳವಿನ ಮಸಿ ಅವನ ಮುಖಕ್ಕೇ ಬಡಿದಿತ್ತು.

ಸಂಗತಿ ಹೀಗಿತ್ತು. ಅಂಬಾರಾಯ ಮಾಸ್ತರರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವ ಶರಣಕುಮಾರ ಗಿಟಾರಿನ ದನಿ ಬದಲಿಸುವ ಒಂದು ಪೆಡಲ್ ಮಾಡಿದ್ದ. ಕೊಂಡದ್ದಲ್ಲ, ತಾನೇ ಕೂಡಿಸಿದ್ದು. ತೀರಿಹೋದ ಅಪ್ಪನ ಹಳೆಯ ರೇಡಿಯೋ ಬಿಚ್ಚಿ ಅದರ ಟ್ರಾನ್ಸಿಸ್ಟರುಗಳನ್ನು ತೆಗೆದು, ಉಳಿದ ಬಿಡಿಭಾಗಗಳನ್ನು ಹೈದರಾಬಾದಿನ ಕೋಠಿ ಬಜಾರಿನಲ್ಲಿ ಹುಡುಕಿ ತಂದು, ಬೆಸುಗೆ ಹಾಕಿ, ಅವ್ವನ ಸ್ಟೀಲಿನ ಎಲೆಅಡಿಕೆ ಡಬ್ಬಿಯೊಳಗೆ ಕೂರಿಸಿದ್ದ. ಯಾರೂ ನಕಲು ಮಾಡಬಾರದೆಂದು ಒಳಗಿನ ಭಾಗಗಳ ಮೇಲೆ, ನಲ್ಲಿಯ ಸೋರಿಕೆಗೆ ಹಚ್ಚುವ ಗಟ್ಟಿ ಅಂಟನ್ನು ಮುದ್ದೆಯಾಗಿ ಮೆತ್ತಿಬಿಟ್ಟಿದ್ದ. ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿ ಕಾಲಿನಿಂದ ಗುಂಡಿ ಒತ್ತಿದರೆ ಸಾಕು, ತಂತಿಯ ದನಿ ಒಡೆದು, ಗುಡುಗಿ, ಶಹನಾಯಿಯ ಹಾಗೆ ಉದ್ದಕ್ಕೆ ಎಳೆಯುತ್ತಿತ್ತು.

ಆ ಡಬ್ಬಿ ಈಗ ಮಾಯವಾಗಿತ್ತು. ಮಾಸ್ತರರ ಮನೆಯ ಹಿಂದಿನ ತಾಲೀಮಿನ ಕೋಣೆಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ದಸ್ತಗೀರನ ಮೈಕ್ ಸಾಮಾನೂ ಅಲ್ಲೇ ಇರುತ್ತಿದ್ದುದರಿಂದ ಕೀಲಿಕೈ ಅವನ ಹತ್ತಿರವೇ ಇತ್ತು.

"ಎಂಥಾ ದನಿ ಇತ್ರಿ ಅದರದು!" ದಸ್ತಗೀರ ಕಣ್ಣೊರೆಸಿಕೊಂಡ. "ಅದನ್ನ ಕೇಳಿದಾಗೆಲ್ಲ ನನ್ನ ಮೈಯಾಗ ಜುಮ್ ಅಂತಿತ್ತು. ನಾನೇ ಕದ್ದೀನಿ ಅಂತಾರ. ಕೀಲಿಕೈ ಕಸಗೊಂಡ್ರು. ಇಷ್ಟು ವರ್ಷದಾಗ ಯಾರೂ ನನಗ ಹಿಂಗ ಅಂದಿದ್ದಿಲ್ರಿ."

"ಕೀಲಿಕೈ ಎಲ್ಲಿಡ್ತಿದ್ದಿ?"

"ಅಂಗಡ್ಯಾಗ, ಮೊಳಿಗೆ. ನಾ ಮಧ್ಯಾಹ್ನ ನಮಾಜಿಗೆ ಹೋದಾಗ ಅಂಗಡಿ ತೆರದೇ ಇರ್ತದ. ಬಂದಾವ್ರು ಕುಂತು ಚಾ ಕುಡೀತಿರ್ತಾರ."

"ಅಂದ್ರ ಊರಿಗೆ ಊರೇ ಕೀಲಿಕೈ ಇಟಗೊಂಡಂಗಾತು." ಬಾಯಿಯವರು ಕೈ ತೊಳೆದು ಎದ್ದರು. "ನಡಿ. ಆದ್ರ ಒಂದ್ ಮಾತು. ನೀನೂ ಸಂಶಯದಾಗ ಇದ್ದೀ. ಕೈಚೀಲ ಈ ಸಲ ನಾನೇ ಹಿಡ್ಕೋತೀನಿ."

ಅದು ಚೇಷ್ಟೆಯೋ ನಿಜವೋ ದಸ್ತಗೀರನಿಗೆ ತಿಳಿಯಲಿಲ್ಲ. ಬರಿಗೈಯಲ್ಲಿ ಹಿಂದೆ ನಡೆದ.

ತಾಲೀಮಿನ ಕೋಣೆಗೆ ಕೆಳಗೂ ಶಹಾಬಾದಿ ಹಾಸುಗಲ್ಲು, ಮೇಲೂ ಅದೇ ಕಲ್ಲಿನ ಮಾಡು. ಹೊರಗೆ ಬೆಂಕಿ ಇದ್ದರೂ ಒಳಗೆ ತಂಪು. ಮೂಲೆಯಲ್ಲಿ ನೀರಿನ ಮಣ್ಣಿನ ಗಡಿಗೆ, ಅದರ ಮಗ್ಗುಲಲ್ಲಿ ಮಡಿಚಿಟ್ಟ ಬಟ್ಟೆ. ನೆಲದ ಮೇಲೆ ಡಬ್ಬಿಯ ಅಳತೆಯ ಚೌಕ ಕಲೆ.

"ಶರಣ ಡಬ್ಬಿಗೆ ಒದ್ದಿ ಬಟ್ಟಿ ಸುತ್ತಿ ಇಲ್ಲೇ ಇಡ್ತಿದ್ದ್ರಿ," ಎಂದ ದಸ್ತಗೀರ. "ದೃಷ್ಟಿ ಆಗಬಾರ್ದು ಅಂತ ಇರಬೇಕು."

"ದೃಷ್ಟಿಗೆ ನಿಂಬಿಹಣ್ಣು ಕಟ್ತಾರೋ. ಒದ್ದಿ ಬಟ್ಟಿ ಯಾರು ಸುತ್ತತಾರ?"

ಶರಣಕುಮಾರ ಬಂದ. ಅತ್ತು ಕಣ್ಣು ಕೆಂಪಾಗಿದ್ದವು. ಹಿಂದಿನ ದಿನದವರೆಗೆ ಚಾಚಾ, ಚಾಚಾ ಎಂದು ಹೆಗಲಿಗೆ ಬೀಳುತ್ತಿದ್ದ ಹುಡುಗ ಈಗ ದಸ್ತಗೀರನ ಕಡೆ ನೋಡಲೂ ಇಲ್ಲ. "ಕೀಲಿ ಚಾಚಾನ ಕಡೀನೇ ಇತ್ತಲ್ರಿ," ಎಂದಷ್ಟೇ ಹೇಳಿದ. ಮಾಸ್ತರರು ಕೀಲಿಕೈ ಕಸಿದುಕೊಂಡಾಗ ಆಗಿದ್ದಕ್ಕಿಂತ ಹೆಚ್ಚಿನ ನೋವು ಆ ಒಂದು ಮಾತಿನಿಂದ ದಸ್ತಗೀರನಿಗೆ ಆಯಿತು.

"ಒದ್ದಿ ಬಟ್ಟಿ ಯಾತಕ್ಕೋ?" ಬಾಯಿಯವರು ಕೇಳಿದರು.

"ಹಂಗೇರಿ... ಸಿಮೆಂಟ್ ಫ್ಯಾಕ್ಟರಿ ಧೂಳ ಕೂಡಬಾರ್ದು ಅಂತ." ಅವನ ದೃಷ್ಟಿ ನೆಲದ ಮೇಲಿತ್ತು.

ಅಂಬಾರಾಯ ಮಾಸ್ತರರು ನಡುವೆ ಬಾಯಿ ಹಾಕಿದರು. "ಅವನ ಗತ್ತು ಭಾಳ ಅಕ್ಕೋರೆ. ಹಗಲು ಮದುವಿ ಕಾರ್ಯಕ್ರಮ ಇದ್ರ ಡಬ್ಬಿ ಹೊರಗ ತೆಗೆಯಂಗಿಲ್ಲ. ಮದುವಿಗೆ ಇದು ಒಪ್ಪಂಗಿಲ್ಲ ಅಂತಾನ. ನಸುಕಿನ್ಯಾಗ, ಇಲ್ಲಾ ಹೊತ್ತು ಮುಳುಗಿದ ಮ್ಯಾಲೆ ಬಾರಿಸ್ತಾನ. ಬರೋ ವಾರ ಹೈದರಾಬಾದಿನ ಕ್ಯಾಸೆಟ್ ಕಂಪನಿಯವ್ರು ಬರಲಿಕತ್ತಾರ, ಒಬ್ಬ ಗಿಟಾರಿನವನ್ನ ಆರಿಸ್ತಾರ. ಅಷ್ಟ್ರಾಗ ಹಿಂಗಾತು."

ಗಾಯಕಿ ರಂಜನಾ ಮಾತ್ರ ಮರುಗಲಿಲ್ಲ. "ಹೋದದ್ದು ಛಲೋ ಆತ್ರಿ. ಅದು ಒದರಲಿಕ್ಕೆ ಸುರು ಮಾಡಿದ್ರ ನನ್ನ ಹಾಡು ನನಗೇ ಕೇಳ್ತಿದ್ದಿಲ್ಲ. ಆದ್ರ ನಾ ಕದ್ದಿಲ್ಲರಿ, ಬಾಯಿಲೇ ಬೈದೀನಿ ಅಷ್ಟೇ."

ಉಳಿದವನು ನಂದಕಿಶೋರ್, ಎರಡನೆಯ ಗಿಟಾರಿನವ. ಅವನಿಗೂ ಪೆಡಲ್ ಕಟ್ಟುವ ಹುಚ್ಚು. ಬಾಂಬೆಯಿಂದ ಅಂಚೆಯಲ್ಲಿ ಕಿಟ್ ತರಿಸಿ, ಮನೆಯ ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ಕುಳಿತು ಬೆಸುಗೆ ಹಾಕುತ್ತಿದ್ದ. ಬಾಯಿಯವರು ಅಲ್ಲಿಗೂ ಹತ್ತಿದರು. ತಗಡಿನ ಕೆಳಗೆ ರೊಟ್ಟಿ ಬೇಯುವಷ್ಟು ಸೆಕೆ. ಮೇಜಿನ ಮೇಲೆ ಅಲ್ಯೂಮಿನಿಯಂ ಡಬ್ಬಿಗಳು, ಗುಂಡಿಗಳು, ವೈರಿನ ತುಂಡುಗಳು.

"ಆ ಮೂಕ ಡಬ್ಬಿ ನಂಗ್ಯಾಕ ಬೇಕ್ರಿ?" ನಂದಕಿಶೋರ್ ನಕ್ಕ. "ನನ್ನವೇ ಇಷ್ಟ ಅವ. ಶರಣ ಸುಮ್ನ ತಕರಾರು ತಗದಾನ."

"ಖರೇ ಅದ ಬಿಡಪ್ಪಾ," ಎಂದು ಬಾಯಿಯವರು ಸೆರಗಿನಿಂದ ಬೆವರು ಒರೆಸಿಕೊಂಡರು. "ಏನ್ ಸೆಕಿನೋ ಮಾರಾಯಾ ಇಲ್ಲಿ! ಸಂಜಿ ಹೊತ್ತಿಗರೆ ಕುಂದ್ರಬಾರದಾ?"

"ಸಂಜಿಗಿ ತಾಲೀಮು ಇರ್ತದಲ್ರಿ. ರಾತ್ರಿ ಬಾರಿಸಿದ್ರ ಅಪ್ಪ ಬೈತಾನ. ಮಧ್ಯಾಹ್ನನೇ ನನ್ನ ವ್ಯಾಳ್ಯಾ."

ಕೆಳಗಿಳಿದ ಮೇಲೆ ದಸ್ತಗೀರ ಬೀದಿಯಲ್ಲೇ ನಿಂತುಬಿಟ್ಟ. ಅವನ ತಲೆ ಕೆಟ್ಟುಹೋಗಿತ್ತು.

"ಅಕ್ಕೋರೆ, ಒಬ್ಬಾಕಿ ಒದರ್ತದ ಅಂತಾಳ, ಒಬ್ಬಾಂವ ಮೂಕ ಅಂತಾನ. ಡಬ್ಬಿ ಒಂದೇ. ಒಬ್ರರೇ ಸುಳ್ಳು ಹೇಳಿರಬೇಕು."

"ಆ ಮಾತಿನಾಗ ಇಬ್ಬರೂ ಖರೇನೇ ಹೇಳ್ಯಾರ."

"ಹ್ಯಾಂಗ್ರಿ?"

"ಎಂಟನೇ ಇಯತ್ತೆಯಾಗ ಹೇಳಿದ್ದೆ. ನೀ ಕಿಟಕಿ ಹೊರಗ ನೋಡ್ತಿದ್ದಿ." ಇಷ್ಟು ಹೇಳಿ ಅವರು ಕೊಡೆ ಬಿಚ್ಚಿದರು. "ನಾಳಿಗೆ ಮಧ್ಯಾಹ್ನ ಎಲ್ಲಾರನ್ನೂ ಆ ತಗಡಿನ ಕೋಣಿಗೇ ಕರಿ. ಶರಣನಿಗೆ ಹೊಸ ಪೆಡಲ್ ಕಟ್ಟಲಿಕ್ಕೆ ಸಾಮಾನು ಹೊಂದಿಸೋದದ ಅಂತ ಹೇಳು. ನೀ ಒಂದು ಸಣ್ಣ ಸ್ಪೀಕರ್ ತಗೊಂಡ್ ಬಾ. ತಾಲೀಮಿನ ಕೋಣ್ಯಾಗಿನ ನೀರಿನ ಗಡಿಗಿನೂ."

ಕಳ್ಳನೆಂಬ ಹೆಸರು ಹೊತ್ತವನು ಮರುದಿನ ತಲೆಯ ಮೇಲೆ ಗಡಿಗೆಯನ್ನೂ ಹೊತ್ತು ಸ್ಟೇಷನ್ ರಸ್ತೆಯಲ್ಲಿ ನಡೆದದ್ದನ್ನು ವಾಡಿಯ ಜನ ನೋಡಿ ನಕ್ಕರು. ದಸ್ತಗೀರನಿಗೆ ಅಳು ಬಂದಿತ್ತು, ಆದರೆ ನೀರು ತುಳುಕಬಾರದೆಂಬ ಚಿಂತೆಯಲ್ಲಿ ಅಳಲು ಆಗಲಿಲ್ಲ.

ತಗಡಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ರಂಜನಾ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಮಾಸ್ತರರ ಅಂಗಿ ಬೆನ್ನಿಗೆ ಅಂಟಿತ್ತು. ಬಾಯಿಯವರು ಮೇಜಿನ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಶರಣನ ಗಿಟಾರಿಗೆ ಹಚ್ಚಿಸಿ ಬಾರಿಸಲು ಹೇಳಿದರು. ಒಂದು ಗುಂಯ್‌ಗುಟ್ಟಿತು, ಇನ್ನೊಂದು ಕಿರುಚಿತು. ಮೂಲೆಯಲ್ಲಿದ್ದ ಕೊನೆಯದು ಮಾತ್ರ ಎಷ್ಟು ತುಳಿದರೂ ಕುಯ್ ಎನ್ನಲಿಲ್ಲ.

"ಇದು ಯಾರದು?"

"ಅದೂ ನಂದೇರಿ," ಎಂದ ನಂದಕಿಶೋರ್. "ಕಿಟ್ಟೇ ಕೆಟ್ಟದ್ದು ಬಂದಿತ್ತು. ಕಟ್ಟಿದಾಗಿಂದ ಒಂದಿನಾನೂ ಮಾತಾಡಿಲ್ಲ."

"ಕೆಟ್ಟದ್ದಾದ್ರ ನನಗ ಕೊಡು." ಬಾಯಿಯವರು ಕೈಚೀಲದಿಂದ ಬಟ್ಟೆ ತೆಗೆದು, ಗಡಿಗೆಯಲ್ಲಿ ಅದ್ದಿ ಹಿಂಡಿ, ಆ ಅಲ್ಯೂಮಿನಿಯಂ ಡಬ್ಬಿಗೆ ಸುತ್ತಿ ಗಡಿಗೆಯ ಮಗ್ಗುಲಲ್ಲಿ ಇಟ್ಟರು. ಶರಣಕುಮಾರನ ಮುಖ ಬಿಳಿಚಿಕೊಂಡಿತು. "ಇದು ತಣ್ಣಗಾಗೂ ತನಕ ಪಾಠ ಹೇಳ್ತೀನಿ, ಕೇಳ್ರಿ. ದಸ್ತಗೀರ, ಈ ಸಲ ಕಿಟಕಿ ಹೊರಗ ನೋಡಬ್ಯಾಡ."

ಅವರು ಗೋಡೆಗೆ ಒರಗಿ ಕುಳಿತರು.

"ಹಳೇ ರೇಡಿಯೋದಾಗಿನ ಟ್ರಾನ್ಸಿಸ್ಟರು ಜರ್ಮೇನಿಯಂ ಅನ್ನೋದರಿಂದ ಮಾಡಿದ್ದು. ಅದಕ್ಕ ಸೆಕಿ ಆಗಿಬರಂಗಿಲ್ಲ. ನಮ್ಮ ಮನಿ ರೇಡಿಯೋನೂ ಬ್ಯಾಸಗಿ ಮಧ್ಯಾಹ್ನ ದನಿ ಬಿದ್ದು ಕುಂದರ್ತಿತ್ತು. ಈಗಿನ ಕಿಟ್ಟಿನಾಗ ಬರೋವು ಸಿಲಿಕಾನಿನವು, ಅವು ತಡೀತಾವ. ಶರಣ ಅಪ್ಪನ ರೇಡಿಯೋ ಬಿಚ್ಚಿ ಕಟ್ಟಿದ. ತಂಪು ಹೊತ್ತಿನ್ಯಾಗ ಅದು ಗುಡುಗ್ತದ, ಬಿಸಿಲೇರಿದ್ರ ಮೂಕ. ಅದಕ್ಕ ಒದ್ದಿ ಬಟ್ಟಿ, ಅದಕ್ಕ ಗಡಿಗಿ. ಹೌದಲ್ಲೋ?"

ಶರಣಕುಮಾರ ತಲೆ ತಗ್ಗಿಸಿದ. "ಗೊತ್ತಾದ್ರ ಮಾಸ್ತರು ಬ್ಯಾಡ ಅಂತಾರಂತ ಯಾರಿಗೂ ಹೇಳಿದ್ದಿಲ್ರಿ. ಹಗಲ ಹೊತ್ತು ಯಾರ ಮುಂದನೂ ಹಚ್ಚಿಲ್ಲ."

"ಯಾರ ಮುಂದನೂ ಹಚ್ಚಿಲ್ಲ. ಎಲ್ಲಾರೂ ಕೇಳಿದ್ದು ನಸುಕಿನ್ಯಾಗ, ಹೊತ್ತು ಮುಳುಗಿದ ಮ್ಯಾಲೆ. ಅದಕ್ಕ ರಂಜನಾ ಒದರ್ತದ ಅಂದಳು. ಹಂಗಾದ್ರ ಅದು ಮೂಕ ಅಂತ ಯಾರಿಗೆ ಗೊತ್ತಿರಬೇಕು? ಕದ್ದುಕೊಂಡು ಹೋಗಿ, ಉರಿ ಬಿಸಿಲಿನ್ಯಾಗ, ತಗಡಿನ ಕೆಳಗ ಕುಂತು, ಹಚ್ಚಿ ನೋಡಿದಾಂವಗ ಮಾತ್ರ." ಅವರು ನಂದಕಿಶೋರನತ್ತ ತಿರುಗಿದರು. "ನಿನ್ನೆ ನೀ ಏನಂದಿ? ಮೂಕ ಡಬ್ಬಿ."

"ಸುಮ್ನ ಅಂದಿದ್ದೆರಿ..." ನಂದಕಿಶೋರನ ಮಾತು ತೊದಲಿತು. "ಇದು ನನ್ನ ಡಬ್ಬಿ. ಅಲ್ಯೂಮಿನಿಯಂದು. ಅವಂದು ಸ್ಟೀಲಿನದು."

"ಡಬ್ಬಿ ನಿಂದು. ಒಳಗಿನ ಜೀವ ಯಾರದು ಅಂತ ಅದೇ ಹೇಳಲಿ. ಶರಣ, ಬಾರಿಸೋ."

ಶರಣ ವೈರು ಸಿಕ್ಕಿಸಿ, ಗುಂಡಿ ತುಳಿದು, ತಂತಿ ಮೀಟಿದ. ಒಮ್ಮೆಲೇ ದನಿ ಒಡೆದು, ಗುಡುಗಿ, ಶಹನಾಯಿಯ ಹಾಗೆ ಉದ್ದಕ್ಕೆ ಎಳೆಯಿತು. ತಗಡು ನಡುಗಿತು. ಕಿವಿ ಮುಚ್ಚಿಕೊಂಡ ರಂಜನಾಳೂ "ಇದೇ, ಇದೇ!" ಎಂದು ಕೂಗಿದಳು.

ಮುಚ್ಚಳ ಬಿಚ್ಚಿದರೆ ಒಳಗೆ ಅದೇ ಗಟ್ಟಿ ಅಂಟಿನ ಮುದ್ದೆ, ಅದರ ಮೇಲೆ ಒತ್ತಿದ ಶರಣನ ಹೆಬ್ಬೆರಳಿನ ಗುರುತು.

ನಂದಕಿಶೋರ್ ಕುಸಿದು ಕುಳಿತ. ಕ್ಯಾಸೆಟ್ಟಿನವರು ಶರಣನನ್ನೇ ಆರಿಸುತ್ತಾರೆಂಬ ಹೊಟ್ಟೆಕಿಚ್ಚಿಗೆ, ದಸ್ತಗೀರ ನಮಾಜಿಗೆ ಹೋದಾಗ ಮೊಳೆಯ ಕೀಲಿಕೈ ತೆಗೆದು, ಕೆಲಸ ಮುಗಿಸಿ ಮತ್ತೆ ಮೊಳೆಗೇ ಹಾಕಿದ್ದ. ಗುರುತು ಸಿಗದಿರಲೆಂದು ಒಳಗಿನ ಮುದ್ದೆಯನ್ನು ತನ್ನ ಅಲ್ಯೂಮಿನಿಯಂ ಡಬ್ಬಿಯಲ್ಲಿ ಕೂರಿಸಿ, ಅದು ಮೂಕವಾದದ್ದನ್ನು ಕಂಡು ತನ್ನ ಕೈಯಲ್ಲೇ ಕೆಟ್ಟಿತೆಂದು ತಿಳಿದು ಮೂಲೆಗೆ ಎಸೆದಿದ್ದ. "ಕೆಟ್ಟಿದ್ದಿಲ್ಲೇನ್ರಿ ಅದು?" ಎಂದು ಇನ್ನೂ ನಂಬಲಾಗದೆ ಕೇಳಿದ.

"ಕೆಟ್ಟಿದ್ದು ಅದಲ್ಲಪ್ಪಾ," ಎಂದರು ಬಾಯಿಯವರು. ಆಮೇಲೆ ಶರಣನನ್ನೂ ಬಿಡಲಿಲ್ಲ. "ನೀ ಡಬ್ಬಿಯ ಐಬು ಮುಚ್ಚಿಟ್ಟಿ, ಮ್ಯಾಲೆ ಚಾಚಾನ ಕಡೆ ಬೆರಳು ತೋರಿಸಿದಿ. ಅದಕ್ಕ ಒಬ್ಬ ಮನುಷ್ಯಾನ ಮಾನ ಬೀದಿಗಿ ಬಂತು."

ಶರಣಕುಮಾರ ದಸ್ತಗೀರನ ಎರಡೂ ಕೈ ಹಿಡಿದುಕೊಂಡ. "ಚಾಚಾ..." ಎಂದು ಅವನ್ನು ಕಣ್ಣಿಗೆ ಒತ್ತಿಕೊಂಡ. ಅಂಬಾರಾಯ ಮಾಸ್ತರರು ಜೇಬಿನಿಂದ ಕೀಲಿಕೈ ತೆಗೆದು, "ತಪ್ಪಾತು ದಸ್ತಗೀರ, ತಗೋ," ಎಂದು ನೀಡಿದರು.

ದಸ್ತಗೀರ ಕೀಲಿಕೈ ಮುಟ್ಟಲಿಲ್ಲ. ಅವನಿಗೆ ಬೇಕಾಗಿದ್ದುದು ಬೇರೆ.

"ಅಕ್ಕೋರೆ, ಖರೇ ಹೇಳ್ರಿ. ನನ್ನ ಮ್ಯಾಲ ನಿಮಗ ಸಂಶಯ ಇತ್ತೇನು?"

"ಇತ್ತು. ಮೂಕ ಅನ್ನೋ ಮಾತು ಕಿವಿಗಿ ಬೀಳೂತನಕ ಇತ್ತು. ಆಮ್ಯಾಲೆ ನೆನಪಾತು, ನೀ ನಮ್ಮ ಮನಿಗೆ ಬಂದು ಎಂಥಾ ದನಿ ಇತ್ತು ಅಂತ ಅತ್ತಿದ್ದಿ. ಕದ್ದಾಂವಗ ಆ ದನಿ ಸಿಕ್ಕೇ ಇಲ್ಲೋ ಹುಚ್ಚಾ. ಅದಕ್ಕ ಅವ ಮೂಕ ಅಂತ ನಕ್ಕ, ನೀ ದನಿ ಹೋತಂತ ಅತ್ತಿ."

ಶರಣ ಇನ್ನೊಂದು ಸಲ ತಂತಿ ಮೀಟಿದ. ಆದರೆ ಬಟ್ಟೆ ಬಿಚ್ಚಿ ಇಟ್ಟಿದ್ದರಿಂದ ತಗಡಿನ ಸೆಕೆ ಆಗಲೇ ಒಳಗೆ ಹೊಕ್ಕಿತ್ತು. ದನಿ ತೇಲಿತು, ಮುಗ್ಗರಿಸಿತು, ಸಣ್ಣಗಾಗತೊಡಗಿತು. ಎಲ್ಲರೂ ಮುಖ ಮುಖ ನೋಡಿಕೊಂಡರು. ದಸ್ತಗೀರ ಮಾತ್ರ ಎದ್ದು, ಬಟ್ಟೆಯನ್ನು ಗಡಿಗೆಯಲ್ಲಿ ಅದ್ದಿ ಹಿಂಡಿ, ಶರಣನ ಡಬ್ಬಿಗೆ ತಾನೇ ಸುತ್ತಿದ.