ಬೋರಲಿಟ್ಟ ಬ್ರೆಡ್ಡು

ಗ್ರಾಸಿಯಾನ್ ಮಠದ ಅಡುಗೆಮನೆಯ ಬಾಗಿಲಲ್ಲಿ ನಿಂತನೆಂದರೆ ಬ್ಲಾಂದೀನಳ ಕೈಗೆ ಇಲ್ಲದ ಕೆಲಸ ಹುಟ್ಟಿಕೊಳ್ಳುತ್ತಿತ್ತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಸಿಸ್ಟರ್, ಇನ್ನೊಂದ್ಸಲ ಉಜ್ಜಿದ್ರೆ ಅದು ತೂತು ಬೀಳತ್ತೆ."

"ಚೀಸ್ ಇಟ್ಟು ಹೊರಡಿ. ನಿಮ್ಮ ಕುರಿ ಕಾಯ್ತಿರ್ತವೆ."

"ಕುರಿಗಳಿಗೆ ನನ್ನ ಕಂಡ್ರೆ ಇಷ್ಟ. ಎಲ್ರಿಗೂ ಇರ್ಬೇಕಲ್ಲ," ಎಂದು ನಿಟ್ಟುಸಿರು ಬಿಡುತ್ತಿದ್ದ, ಕಣ್ಣಲ್ಲಿ ನಗು ಇಟ್ಟುಕೊಂಡೇ.

ಅವಳ ತಲೆಯ ಮೇಲಿದ್ದದ್ದು ಇನ್ನೂ ಬಿಳಿ ಮುಸುಕು. ಆರು ವಾರ ಕಳೆದರೆ, ಆಗಸ್ಟಿನ ಮಾತೆಯ ಹಬ್ಬದ ದಿನ, ವ್ರತ ತೊಟ್ಟು ಕಪ್ಪು ಮುಸುಕು ಹೊದೆಯುವವಳು. ಹಾಗಂತ ಅವಳು ದಿನಕ್ಕೆ ಹತ್ತು ಸಲ ತನಗೆ ತಾನೇ ನೆನಪಿಸಿಕೊಳ್ಳುತ್ತಿದ್ದಳು. ಅವನು ಚೀಸ್ ತರುವ ಶನಿವಾರ ಮಾತ್ರ ಲೆಕ್ಕ ತಪ್ಪುತ್ತಿತ್ತು.

ಜರ್ಮನರು ಕಣಿವೆಗೆ ಬಂದಾಗಿನಿಂದ ಮಠದ ಸೇಬಿನ ಅಟ್ಟದಲ್ಲಿ ಸೇಬಿಗಿಂತ ಅಡಗಿ ಕೂತ ಮನುಷ್ಯರೇ ಹೆಚ್ಚು. ಅವರನ್ನು ಬೆಟ್ಟ ದಾಟಿಸಿ ಸ್ಪೇನಿಗೆ ಮುಟ್ಟಿಸುವವನು ಗ್ರಾಸಿಯಾನ್. ಅವನಿಗೆ ಗುರುತು ಅಡುಗೆಮನೆಯ ಕಿಟಕಿಯಲ್ಲಿಟ್ಟ ಗುಂಡು ಬ್ರೆಡ್ಡು. ಅಂಗಾತ ಇದ್ದರೆ ಬಾ, ಬೋರಲಿದ್ದರೆ ಸೈನಿಕರಿದ್ದಾರೆ, ಓಡು. ಬ್ರೆಡ್ಡನ್ನು ಬೋರಲಿಟ್ಟರೆ ಅದು ನೇಣು ಹಾಕುವವನ ಪಾಲು ಎಂದು ಆ ಸೀಮೆಯ ಹಸುಗೂಸಿಗೂ ಗೊತ್ತು. ಯಾರೂ ಮರೆತೂ ಹಾಗಿಡುವುದಿಲ್ಲ. ಗುಟ್ಟು ತಿಳಿದವರು ಮೂವರೇ: ಅವನು, ಅವಳು, ಮಠದ ಹಿರಿಯಳಾದ ಮದರ್ ಅಗಾಥ್.

ಆ ಮಂಗಳವಾರ ಅವನು ಅಟ್ಟದಲ್ಲಿ ಉಳಿದಿದ್ದ ಕೊನೆಯವಳಾದ ಲೋಟೆಯನ್ನು ಕರೆದೊಯ್ಯಬೇಕಿತ್ತು. ವಿಯೆನ್ನಾದ ಯಹೂದಿ ಹೆಂಗಸು, ಐದು ತಿಂಗಳ ಬಸುರಿ. ಸನ್ಯಾಸಿನಿಯ ಕರಿಯ ಉಡುಪಿನ ದೊಗಲೆಯಲ್ಲಿ ಹೊಟ್ಟೆ ಕಾಣುತ್ತಿರಲಿಲ್ಲ.

ಅವನಿಗಿಂತ ಮೊದಲು ಬಂದವರು ಇಬ್ಬರು ಸೈನಿಕರು. ಜೊತೆಗೆ ಕಜೋ, ಊರಿನವನೇ ಆಗಿದ್ದು ಅವರ ನೌಕರಿಗೆ ಸೇರಿದವನು. ಲೋಟೆ ಪ್ರಾರ್ಥನಾ ಮಂದಿರದ ಮೂಲೆಯಲ್ಲಿ ಮಂಡಿಯೂರಿದಳು. ಬ್ಲಾಂದೀನ್ ಬ್ರೆಡ್ಡು ಬೋರಲು ಹಾಕಿದಳು. ಸೈನಿಕರು ನೆಲಮಾಳಿಗೆಗೆ ಇಳಿದರು, ಕಜೋ ಅಡುಗೆಮನೆಗೆ ಬಂದು ಸೂಪು ಕೇಳಿ ಕೂತ. ಅದಾದ ಮೇಲೆ ಒಬ್ಬೊಬ್ಬ ಸಿಸ್ಟರ್‌ನ ಕಾಗದಪತ್ರ ನೋಡುವುದಿತ್ತು, ಲೋಟೆಯ ಬಳಿ ಕಾಗದವೇ ಇರಲಿಲ್ಲ.

ಅಷ್ಟರಲ್ಲಿ ಎಂಬತ್ತು ದಾಟಿದ ಸಿಸ್ಟರ್ ಪರ್ಪೆತು ಕೋಲೂರಿಕೊಂಡು ಒಳಗೆ ಬಂದರು. ಕಿಟಕಿ ನೋಡಿ ಎದೆಗೆ ಶಿಲುಬೆಯ ಗುರುತು ಎಳೆದುಕೊಂಡರು.

"ಯಾರೇ ಇದು ಅನಿಷ್ಟದವಳು? ಅನ್ನ ತಿನ್ನೋ ಮನೇಲಿ ಹಿಂಗಿಡ್ತಾರಾ?"

ಎಂದವರೇ ಬ್ರೆಡ್ಡನ್ನು ಅಂಗಾತ ತಿರುಗಿಸಿದರು.

ಬ್ಲಾಂದೀನ್ ಕಿಟಕಿಯತ್ತ ಒಂದು ಹೆಜ್ಜೆ ಇಟ್ಟು ನಿಂತಳು. ಕಜೋ ಎದುರಿಗೇ ಸೂಪು ಕುಡಿಯುತ್ತ ಕೂತಿದ್ದ. ಈ ನೆಲದವನ ಕಣ್ಣೆದುರು ಬ್ರೆಡ್ಡನ್ನು ಮತ್ತೆ ಮಗುಚಿದರೆ ಯಾಕೆಂದು ಕೇಳದೆ ಬಿಡುವನೇ? ಹೊರಗೆ ಆಗಲೇ ಪರಿಚಿತವಾದ ಸಿಳ್ಳೆ ಕೇಳಿಸಿತು.

ಗ್ರಾಸಿಯಾನ್ ಒಳಗೆ ಕಾಲಿಟ್ಟು, ಕಜೋನನ್ನು ಕಂಡು ನಿಂತುಬಿಟ್ಟ.

"ಚೀಸ್ ಬರೋದು ಶನಿವಾರ ಅಲ್ವೇನಯ್ಯ?" ಎಂದ ಕಜೋ. "ಮಂಗಳವಾರ ಖಾಲಿ ಬುಟ್ಟಿ ಹಿಡ್ಕೊಂಡು ಯಾರನ್ನ ನೋಡೋಕೆ ಬಂದೆ?"

"ನನ್ನ," ಎಂದಳು ಬ್ಲಾಂದೀನ್.

ಎಲ್ಲರೂ ಅವಳತ್ತ ತಿರುಗಿದರು. ಅವಳ ಕಿವಿ ಕೆಂಪಾಗಿತ್ತು, ಅದಂತೂ ನಟನೆಯಲ್ಲ.

"ಬರೋಕೆ ನಾನೇ ಹೇಳಿದ್ದು. ನೋಡ್ದೆ ಇರೋಕಾಗಲ್ಲ ನನಗೆ."

ಕಜೋ ಹೊಟ್ಟೆ ಹಿಡಿದು ನಕ್ಕ. ಪರ್ಪೆತು ಕುರ್ಚಿಗೆ ಕುಸಿದರು. ಬಾಗಿಲಲ್ಲಿದ್ದ ಮದರ್ ಅಗಾಥ್ ಒಳಬಂದು ಮೇಜಿನ ಮೇಲೆ ಅಂಗೈ ಬಡಿದರು.

"ವ್ರತಕ್ಕೆ ಆರು ವಾರ ಇಟ್ಕೊಂಡು ಇದನ್ನಾ ನೀನು ಕಲಿತದ್ದು? ಈಗಲೇ ಹೊರಡು. ಇವನ ಜೊತೇಲೇ ಹೋಗು. ಆದ್ರೆ ಹೆಣ್ಣುಮಗಳನ್ನ ಒಂಟಿಯಾಗಿ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ. ಜೊತೆಗೊಬ್ಬ ಸಿಸ್ಟರ್ ಬರ್ತಾರೆ."

"ನಾನು ಹೋಗ್ಲಾ?" ಎಂದರು ಪರ್ಪೆತು.

"ನಿಮ್ಮ ಮಂಡಿ ಆ ಏರು ಹತ್ತಲ್ಲ. ಸಿಸ್ಟರ್ ಮಾರ್ತ್ ಹೋಗ್ಲಿ. ಮೌನವ್ರತದಲ್ಲಿದ್ದಾರೆ, ದಾರಿಯುದ್ದ ಬೈಯೋ ಕಷ್ಟನೂ ಇಲ್ಲ."

ಮಠದಲ್ಲಿ ಮಾರ್ತ್ ಎಂಬ ಸಿಸ್ಟರ್ ಇರಲೇ ಇಲ್ಲ. ಪ್ರಾರ್ಥನಾ ಮಂದಿರದಿಂದ ತಲೆ ತಗ್ಗಿಸಿ ಬಂದವಳು ಲೋಟೆ. ಕಪ್ಪು ಮುಸುಕು ಕಂಡದ್ದೇ ಕಜೋ ಎದ್ದು ಟೋಪಿ ತೆಗೆದು ದಾರಿ ಬಿಟ್ಟ. ಸಣ್ಣವನಿದ್ದಾಗ ತಾಯಿ ಕಲಿಸಿದ ಅಭ್ಯಾಸ, ಕಾಗದ ಕೇಳಬೇಕೆಂಬುದೂ ಅವನಿಗೆ ಮರೆತುಹೋಯಿತು.

ಹೊಸ್ತಿಲಲ್ಲಿ ಮದರ್ ಆ ಬ್ರೆಡ್ಡನ್ನೇ ಬಟ್ಟೆಯಲ್ಲಿ ಕಟ್ಟಿ ಬ್ಲಾಂದೀನಳ ಕೈಗಿಟ್ಟರು. ಪಿಸುದನಿಯಲ್ಲಿ ಹೇಳಿದರು: "ಇನ್ನು ಇಲ್ಲಿಗೆ ಬರಬೇಡ ಮಗಳೇ, ಬಂದ್ರೆ ಎಲ್ರೂ ಸಿಕ್ಕಿಬೀಳ್ತೀವಿ. ಕೆಳಗಿನ ಪಟ್ಟಣದಲ್ಲಿ ನಮ್ಮ ಇನ್ನೊಂದು ಮಠ ಇದೆ. ಅಲ್ಲಿಗಾದ್ರೂ ಹೋಗು, ಬೆಟ್ಟದಲ್ಲಾದ್ರೂ ಇರು. ದೇವರಿಗೆ ಎರಡೂ ವಿಳಾಸ ಗೊತ್ತು."

ಬೆಟ್ಟದ ದಾರಿಯಲ್ಲಿ ಹಳದಿ ಹೂವಿನ ಪೊದೆಗಳು ಮೊಣಕಾಲಿಗೆ ತಾಗುತ್ತಿದ್ದವು. ಕುರಿಗಂಟೆಯ ಸದ್ದು ಎಲ್ಲಿಂದಲೋ ತೇಲಿ ಬರುತ್ತಿತ್ತು. ಲೋಟೆ ಮುಂದೆ ನಡೆದಳು, ಒಮ್ಮೆಯೂ ತಿರುಗಿ ನೋಡದೆ. ಪುಣ್ಯಾತ್ಗಿತ್ತಿಗೆ ಜರ್ಮನ್ ಒಂದೇ ಅಲ್ಲ, ಮನುಷ್ಯರ ಮನಸ್ಸೂ ಓದಲು ಬರುತ್ತಿತ್ತು.

ಗ್ರಾಸಿಯಾನ್ ತನ್ನ ಕಲ್ಲಿನ ಗುಡಿಸಲು ತಲುಪಿ ಹೊಸ್ತಿಲ ಮೇಲೆ ಕೂತ.

"ಕಜೋ ಮುಂದೆ ಸುಳ್ಳು ಚೆನ್ನಾಗಿ ಹೇಳಿದ್ರಿ," ಎಂದ ಕೊನೆಗೆ, ಬೂಟಿನ ದಾರ ನೋಡುತ್ತ.

"ಸುಳ್ಳಾಗಿದ್ರೆ ಪಾದ್ರಿಗಳ ಹತ್ರ ತಪ್ಪೊಪ್ಪಿಕೊಂಡು ಹಗುರಾಗ್ತಿದ್ದೆ."

ಅವನು ತಲೆ ಎತ್ತಿದ. ಎರಡು ವರ್ಷ ತಮಾಷೆಯ ಹಿಂದೆ ಅಡಗಿಸಿಟ್ಟದ್ದೆಲ್ಲ ಆ ಮುಖದಲ್ಲಿತ್ತು.

"ನನಗಂತೂ ಶನಿವಾರ ಬಿಟ್ರೆ ಬೇರೆ ವಾರಾನೇ ಇರ್ಲಿಲ್ಲ ಬ್ಲಾಂದೀನ್. ಆದ್ರೆ ದೇವರ ಪಾಲಿನದ್ದನ್ನ ಕಸ್ಕೊಂಡವನು ಅನ್ನಿಸ್ಕೊಳ್ಳೋಕೆ ಇಷ್ಟ ಇಲ್ಲ. ನೀವೇ ಯೋಚಿಸಿ. ದಾಟಿಸಿ ನಾನು ವಾಪಸ್ ಬರೋಕೆ ಮೂರು ದಿನ ಬೇಕು."

"ಬರುವಾಗ ಈ ಗುಡಿಸಲಿನ ಕಿಟಕಿ ನೋಡಿ," ಎಂದಳು ಅವಳು. "ಪಟ್ಟಣದ ಮಠಕ್ಕೆ ಹೋಗಿದ್ರೆ ಬ್ರೆಡ್ಡು ಬೋರಲಿರತ್ತೆ."

ಲೋಟೆ ಅವಳ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು. ಆಮೇಲೆ ಲೋಟೆ, ಗ್ರಾಸಿಯಾನ್ ಇಬ್ಬರೂ ಮಂಜಿನೊಳಗೆ ಏರಿಹೋದರು.

ಮೂರು ದಿನ ಬ್ಲಾಂದೀನ್ ಜಪಮಾಲೆ ಹಿಡಿದು ಕೂತಳು. ಬಿಳಿ ಮುಸುಕನ್ನು ತೆಗೆದು ಮಡಿಸಿಟ್ಟಳು, ಮತ್ತೆ ಹೊದ್ದಳು, ಅತ್ತಳು. ದೇವರು ಸಿಟ್ಟಾಗಿದ್ದಾನೆಯೇ ಎಂದು ಕಿವಿಗೊಟ್ಟು ಕೇಳಿದಳು. ಪ್ರಾರ್ಥನೆ ಮಠದಲ್ಲಿ ಬಂದಷ್ಟೇ ಸಲೀಸಾಗಿ ಇಲ್ಲಿಯೂ ಬಂತು. ಗುಡಿಸಲಲ್ಲಿ ಇನ್ನೂ ನಾಲ್ವರು ಮಲಗುವಷ್ಟು ಜಾಗವಿದೆ, ದಾಟುವವರಿಗೆ ಒಂದು ಬಿಸಿ ಸೂಪಾದರೂ ಸಿಗಲಿ ಎಂದು ಮನಸ್ಸು ಲೆಕ್ಕ ಹಾಕತೊಡಗಿದಾಗ ಅವಳಿಗೆ ನಗು ಬಂತು.

ಶುಕ್ರವಾರ ಮಧ್ಯಾಹ್ನ ದಿಣ್ಣೆಯ ಮೇಲೆ ಅವನು ಕಾಣಿಸಿಕೊಂಡ. ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಕಿಟಕಿಯತ್ತ ನೋಡಿದ. ಆಮೇಲೆ ಅವನು ಓಡಿಬಂದ ರಭಸಕ್ಕೆ ಕುರಿಗಳೆಲ್ಲ ಚೆದುರಿದವು.

"ಲೋಟೆ?" ಎಂದಳು ಅವಳು ಬಾಗಿಲಲ್ಲಿ.

"ದಾಟಿದ್ರು. ಮಗು ಹೊಟ್ಟೇಲಿ ಒದೀತಿದೆಯಂತೆ." ಅವನ ಏದುಸಿರು ಇನ್ನೂ ನಿಂತಿರಲಿಲ್ಲ. ಕಿಟಕಿಯಲ್ಲಿ ಅಂಗಾತ ಕೂತ ಒಣಗಿದ ಬ್ರೆಡ್ಡಿನ ಕಡೆ ಅನುಮಾನದಿಂದ ಬೆರಳು ತೋರಿಸಿದ. "ನಿಜ ಹೇಳಿ. ಪರ್ಪೆತು ಸಿಸ್ಟರ್ ಏನಾದ್ರೂ ಇಲ್ಲಿಗೆ ಬಂದಿದ್ರಾ?"

"ಇಲ್ಲ," ಎಂದಳು ಬ್ಲಾಂದೀನ್. "ನಾನೇ ಇಟ್ಟದ್ದು."